ಯುವ ಸಮಿತಿ ಕಟ್ಟುವ ಮೊದಲು ಅವರ ಕೈಗೆ ಲೆಕ್ಕದ ಹಾಳೆ ಕೊಡಿ

ನೀವು ಕೇಳಿರುವುದು ಇಷ್ಟು: ದೇಶದ ಮುಂದಿನ 30 ವರ್ಷದ ಮೂಲಸೌಕರ್ಯ ಯೋಜನೆ ಮಾಡುವ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೀರಿ, ಯುವ ವೃತ್ತಿಪರರ ಸಮಿತಿ ಒಂದನ್ನು ಕಟ್ಟಿ ಅಂತ ಮೇಲಿನವರು ಹೇಳಿದ್ದಾರೆ, ಇದರಿಂದ ನಿಜಕ್ಕೂ ಉಪಯೋಗ ಇದೆಯಾ ಅಥವಾ ಬರೀ ಫೋಟೋಗಾ, ಇದ್ದರೆ ಎಲ್ಲಿಂದ ಶುರು ಮಾಡಬೇಕು.

ಉಪಯೋಗ ಇದೆ. ಆದರೆ ಎಲ್ಲರೂ ಹೇಳುವ ಕಾರಣಕ್ಕಲ್ಲ. 'ಭವಿಷ್ಯ ಯುವಕರದ್ದು, ಅವರ ದನಿ ಕೇಳಬೇಕು' ಅನ್ನುವ ಮಾತು ಭಾಷಣಕ್ಕೆ ಚೆನ್ನಾಗಿರುತ್ತದೆ. ಅದನ್ನೇ ನಂಬಿ ಕಟ್ಟಿದ ಸಮಿತಿಗಳ ಗತಿ ಏನಾಗುತ್ತದೆ ಅಂತ ನಾನು ಒಳಗಿನಿಂದಲೇ ನೋಡಿದ್ದೇನೆ. ರಸ್ತೆ, ನೀರು ಇವಕ್ಕೆಲ್ಲ ಮುಂದೆ ಎಷ್ಟು ಬೇಡಿಕೆ ಬರುತ್ತದೆ ಅಂತ ಅಂದಾಜು ಮಾಡುವುದು ನನ್ನ ಕೆಲಸ. ಮೂವತ್ತರ ಒಳಗಿದ್ದಾಗ ಅಂಥದ್ದೊಂದು ಸಮಿತಿಯಲ್ಲಿ ನಾನೂ ಇದ್ದೆ. ಕರಡು ವರದಿ ಇನ್ನೇನು ಅಚ್ಚಿಗೆ ಹೋಗಬೇಕು ಅನ್ನುವಾಗ ನಮ್ಮನ್ನು ಕರೆದರು. ಗುಂಪು ಗುಂಪಾಗಿ ಕೂರಿಸಿ, ಬಣ್ಣದ ಚೀಟಿಗಳ ಮೇಲೆ '2050ರ ನನ್ನ ಕನಸು' ಬರೆಸಿ, ಗೋಡೆಗೆ ಅಂಟಿಸಿ, ಫೋಟೋ ತೆಗೆದರು. ವರದಿಯಲ್ಲಿ ಫೋಟೋ ಬಂತು. ಚೀಟಿಯಲ್ಲಿದ್ದ ಒಂದು ಸಾಲೂ ಬರಲಿಲ್ಲ. ಮನೆ ಕಟ್ಟಿ ಮುಗಿಸಿ ಬಾಗಿಲು ಯಾವ ಕಡೆ ಇರಲಿ ಅಂತ ಕೇಳಿದ ಹಾಗಿತ್ತು. ಕೋಪವೇನೂ ಇಲ್ಲ, ಅಲ್ಲಿ ಪರಿಚಯವಾದ ಒಂದಿಬ್ಬರು ಇವತ್ತಿಗೂ ಗೆಳೆಯರೇ. ಯೋಜನೆಗೆ ಮಾತ್ರ ಅದರಿಂದ ಮೂರು ಕಾಸಿನ ಲಾಭ ಆಗಲಿಲ್ಲ.

ಸರಿ, ಹಾಗಾದರೆ ನಿಜವಾದ ಉಪಯೋಗ ಎಲ್ಲಿದೆ? ಇಂಥ ಯೋಜನೆಗಳ ಲೆಕ್ಕ ಮಾಡುವವರು ಈಗಲೂ ಯುವಕರೇ. ಲೆಕ್ಕದ ಮಾದರಿ (ಮಾಡೆಲ್) ಓಡಿಸುವುದು, ಅಂಕಿಅಂಶ ಕೂಡಿಸುವುದು, ರಾತ್ರಿ ಕೂತು ಎಕ್ಸೆಲ್ ಸರಿ ಮಾಡುವುದು, ಎಲ್ಲ 25–30 ವರ್ಷದವರ ಕೆಲಸ. ಮೇಲಿನವರ ಮುಂದೆ ಹೋಗುವುದು ಒಂದು ನುಣುಪಾದ ಗ್ರಾಫ್ ಮಾತ್ರ. ಯಾವ ಸಂಖ್ಯೆ ಗಟ್ಟಿ, ಯಾವುದು ಸುಮ್ನೆ ಎಲ್ಲಿಂದಲೋ ಎತ್ತಿ ಇಟ್ಟಿದ್ದು ಅನ್ನುವುದು ಗ್ರಾಫ್ ಬರೆದವರಿಗೆ ಗೊತ್ತಿರುತ್ತದೆ, ಗ್ರಾಫ್ ನೋಡಿ ಸಹಿ ಹಾಕುವವರಿಗಲ್ಲ. ಗೊತ್ತಿರುವವರನ್ನು ಕೇಳುವ ದಾರಿ ಇಲ್ಲ, ಅವರಾಗಿ ಹೇಳುವ ಧೈರ್ಯವೂ ಇಲ್ಲ. ಈ ಅಂತರ ಮುಚ್ಚುವುದಕ್ಕೆ ಸಮಿತಿ ಬೇಕು.

ನಾನೇ ಕಂಡ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ತಂಡದ ಹತ್ತಿರ, ಮುಂದೆ ಎಷ್ಟು ವಾಹನ ಬರುತ್ತವೆ ಅಂತ ಲೆಕ್ಕ ಹಾಕುವ ಒಂದು ಸಂಚಾರ ಮಾದರಿ ಇತ್ತು. ಅದರಲ್ಲಿ 'ಊಹೆಗಳು' ಅಂತ ಒಂದು ಹಾಳೆ, ಆ ಹಾಳೆಯಲ್ಲಿ ಹಳದಿ ಬಣ್ಣ ಬಳಿದ ಒಂದು ಸೆಲ್. ವಾಹನಗಳು ವರ್ಷಕ್ಕೆ ಶೇ 6ರಷ್ಟು ಜಾಸ್ತಿ ಆಗುತ್ತವೆ ಅಂತ. ಪಕ್ಕದಲ್ಲಿ 'ಹಿಂದಿನ ವರದಿಯಂತೆ' ಅನ್ನುವ ಟಿಪ್ಪಣಿ. ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬಳು ಆ ಹಿಂದಿನ ವರದಿಯನ್ನೇ ಹುಡುಕಿ ತೆಗೆದಳು. ಅಲ್ಲಿಯೂ 'ಹಿಂದಿನ ವರದಿಯಂತೆ' ಅಂತಲೇ ಇತ್ತು. ಬಿಡದೆ ಇನ್ನೂ ಹಿಂದಕ್ಕೆ ಹೋದಳು. ಕೊನೆಗೆ ಸಿಕ್ಕಿದ್ದು ಬೇರೆಯೇ ಒಂದು ರಸ್ತೆಗೆ, ಬರೀ ಐದು ವರ್ಷದ ಮಟ್ಟಿಗೆ ಮಾಡಿದ್ದ ಅಂದಾಜು. ಅದನ್ನು ನಾವು 30 ವರ್ಷಕ್ಕೆ ಎಳೆಯುತ್ತಿದ್ದೆವು. ಲೆಕ್ಕ ಹಾಕಿ ನೋಡಿ: ಶೇ 6ರಂತೆ ಬೆಳೆದರೆ 30 ವರ್ಷದಲ್ಲಿ ಸುಮಾರು ಐದೂಮುಕ್ಕಾಲು ಪಟ್ಟು, ಶೇ 4 ಆದರೆ ಮೂರೂಕಾಲು ಪಟ್ಟು. ಎಷ್ಟು ಲೇನ್ ಬೇಕು, ಎಷ್ಟು ಜಾಗ ಬೇಕು, ಎಷ್ಟು ಸಾಲ ಎತ್ತಬೇಕು ಅನ್ನುವುದೆಲ್ಲ ಆ ಒಂದು ಹಳದಿ ಸೆಲ್ ಮೇಲೆ ನಿಂತಿತ್ತು. ಅಷ್ಟು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ಅವಳಿಗೆ ಅದು ಕಣ್ಣಿಗೆ ಬಿದ್ದಿದ್ದು ಹೊಸಬಳು ಅನ್ನುವ ಒಂದೇ ಕಾರಣಕ್ಕೆ. 'ಇದು ಎಲ್ಲಿಂದ ಬಂತು' ಅಂತ ಹೊಸಬರು ಕೇಳಿದರೆ ಯಾರೂ ನಗುವುದಿಲ್ಲ, ಇಪ್ಪತ್ತು ವರ್ಷ ಅಲ್ಲೇ ಇದ್ದವರು ಕೇಳಿದರೆ ನಗುತ್ತಾರೆ.

ಇದೇನೂ ಒಂದು ತಂಡದ ಕಥೆಯಲ್ಲ. ದೊಡ್ಡ ಯೋಜನೆಗಳ ಬಗ್ಗೆ ಅಧ್ಯಯನ ಮಾಡುವ ಡೆನ್ಮಾರ್ಕ್‌ನ ಸಂಶೋಧಕ ಬೆಂಟ್ ಫ್ಲಿವ್‌ಬ್ಯೋರ್ ಮತ್ತು ಜೊತೆಗಾರರು 2005ರಲ್ಲಿ 14 ದೇಶಗಳ 210 ಸಾರಿಗೆ ಯೋಜನೆಗಳ ಮುನ್ನಂದಾಜುಗಳನ್ನು ಆಮೇಲೆ ನಿಜಕ್ಕೂ ಬಂದ ಸಂಖ್ಯೆಗಳ ಜೊತೆ ಇಟ್ಟು ನೋಡಿದರು. ರೈಲು ಯೋಜನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಪ್ರಯಾಣಿಕರ ಸಂಖ್ಯೆಯನ್ನು ಹೆಚ್ಚಾಗಿ ಅಂದಾಜು ಮಾಡಿದ್ದರು, ಸರಾಸರಿ ನೋಡಿದರೆ ನಿಜಕ್ಕೂ ಬಂದವರ ಎರಡರಷ್ಟು. ರಸ್ತೆ ಯೋಜನೆಗಳಲ್ಲಿ ಅರ್ಧದಷ್ಟು ಶೇ 20ಕ್ಕಿಂತ ಜಾಸ್ತಿ ತಪ್ಪಿದ್ದವು, ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ಅಮೆರಿಕದಲ್ಲಿ 2007ರ ಸುಮಾರಿಗೆ ಜನ ಕಾರು ಓಡಿಸುವ ಒಟ್ಟು ದೂರ ಏರುವುದು ನಿಂತು ಕೆಲವು ವರ್ಷ ಹಾಗೇ ಇತ್ತು. ಅಧಿಕೃತ ಮುನ್ನಂದಾಜಿನ ಗೆರೆ ಮಾತ್ರ ಪ್ರತಿ ಸಲ ಮೊದಲಿನ ಹಾಗೆ ಮೇಲಕ್ಕೇ ಹೋಗುತ್ತಿತ್ತು.

ಇನ್ನೊಂದು ಸಂಖ್ಯೆ ಇದೆ. ಇದರ ಬಗ್ಗೆ ಯಾವ ಯುವ ಸಮಿತಿಯಲ್ಲೂ ಯಾರೂ ಬಾಯಿ ಬಿಡುವುದಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಮಾತಾಡಬೇಕಾದ್ದೇ ಅದು. ಡಿಸ್ಕೌಂಟ್ ರೇಟ್. ಮುಂದೆ ಬರುವ ಲಾಭವನ್ನು ಇವತ್ತಿನ ಬೆಲೆಗೆ ಇಳಿಸುವ ದರ. 30 ವರ್ಷ ಆದಮೇಲೆ 100ರಷ್ಟು ಲಾಭ ಬರುತ್ತದೆ ಅಂದುಕೊಳ್ಳಿ. ದರ ಶೇ 3.5 ಇದ್ದರೆ ಇವತ್ತಿನ ಲೆಕ್ಕದಲ್ಲಿ ಅದು ಸುಮಾರು 36. ಶೇ 8 ಇದ್ದರೆ 10. ಶೇ 12 ಇದ್ದರೆ ಮೂರು ಚಿಲ್ಲರೆ. ಸರ್ಕಾರಿ ಯೋಜನೆಗಳ ಲಾಭ-ವೆಚ್ಚ ತೂಗುವುದಕ್ಕೆ ಬ್ರಿಟನ್ ಖಜಾನೆ ಇಟ್ಟುಕೊಂಡಿರುವ ಕೈಪಿಡಿ, ಗ್ರೀನ್ ಬುಕ್, ಮೊದಲ 30 ವರ್ಷಕ್ಕೆ ಶೇ 3.5 ಇಟ್ಟು, ಆಮೇಲೆ ಅದನ್ನು ಇನ್ನೂ ಇಳಿಸುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಬಹಳ ಕಾಲ ಶೇ 12 ಹಿಡಿದಿತ್ತು, 2017ರಲ್ಲಿ ಶೇ 9ಕ್ಕೆ ಇಳಿಸಿತು. ಶೇ 12ರ ಲೆಕ್ಕದಲ್ಲಿ, ಈಗ 25 ವರ್ಷ ಆಗಿರುವವನು 55ಕ್ಕೆ ಬಂದಾಗ ಅವನಿಗೆ ಸಿಗುವ ಲಾಭ ಇದ್ದೂ ಇಲ್ಲದ ಹಾಗೆ. ಅವನ ಪಾಲನ್ನು ಲೆಕ್ಕದ ಹಾಳೆಯಲ್ಲೇ ಅಳಿಸಿ ಹಾಕಿ, ಆಮೇಲೆ ಅವನನ್ನೇ ಕರೆದು ನಿನ್ನ ಕನಸು ಹೇಳಪ್ಪಾ ಅಂತ ಕೇಳುವುದು ಒಂಥರಾ ತಮಾಷೆ ಅಲ್ವಾ? ಬಡ ದೇಶಗಳಿಗೆ ಬಂಡವಾಳ ದುಬಾರಿ, ಅದಕ್ಕೇ ಹೆಚ್ಚಿನ ದರ ಅನ್ನುವ ವಾದವೂ ಇದೆ, ಅದರಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಆದರೆ ಆ ಚರ್ಚೆ ಯುವಕರ ಮುಂದೆ ನಡೆಯಲಿ.

ಒಂದು ಭ್ರಮೆ ಬೇಡ, ವಯಸ್ಸು ಚಿಕ್ಕದು ಅಂದ ಮಾತ್ರಕ್ಕೆ ದೂರದೃಷ್ಟಿ ಬರುವುದಿಲ್ಲ. 27ರ ವಯಸ್ಸಿನವನ ತಲೆಯಲ್ಲಿ ಮುಂದಿನ ಕೆಲಸ, ಸಂಬಳ, ಬಾಡಿಗೆ ಇರುತ್ತವೆ, 2055 ಅಲ್ಲ. ಜಪಾನಿನ ಯಹಾಬಾ ಅನ್ನುವ ಪಟ್ಟಣದಲ್ಲಿ 2015ರಲ್ಲಿ ಒಂದು ಪ್ರಯೋಗ ನಡೆಯಿತು. ಊರಿನವರನ್ನೇ ಗುಂಪು ಮಾಡಿ, ಕೆಲವು ಗುಂಪುಗಳಿಗೆ 'ನೀವು 2060ರಲ್ಲಿ ಬದುಕುತ್ತಿರುವವರು, ಅಲ್ಲಿಂದ ಮಾತಾಡಿ' ಅಂದರು. ಈಗಿನವರಾಗಿಯೇ ಕೂತವರು ಇವತ್ತಿನ ತೊಂದರೆಗಳನ್ನೇ ಹಿಡಿದುಕೊಂಡರು. 2060ರವರಾಗಿ ಕೂತವರು ಕಷ್ಟದ, ಬಹಳ ಕಾಲ ಹಿಡಿಯುವ ಕೆಲಸಗಳನ್ನು ಆರಿಸಿಕೊಂಡರು. ಅದೇ ಊರಿನ ಅದೇ ಥರದ ಜನ, ಕೊಟ್ಟ ಪಾತ್ರ ಮಾತ್ರ ಬೇರೆ. ಆದ್ದರಿಂದ ಯುವಕರನ್ನು ಸುಮ್ನೆ ಕೂರಿಸಿದರೆ ಸಾಲದು, ಅವರಿಗೆ ಒಂದು ಪಾತ್ರ ಕೊಡಬೇಕು. ಲೆಕ್ಕದ ಹಿಂದಿನ ಊಹೆಗಳ ಮೇಲೆ ಕಣ್ಣಿಟ್ಟು ಕಾಯುವ ಪಾತ್ರ ಅಂತ ನಾನು ಹೇಳುತ್ತೇನೆ.

ಇದಕ್ಕೆ ಯುವಕರೇ ಯಾಕೆ? ಥೇಮ್ಸ್ ನದಿಯ ಪ್ರವಾಹ ತಡೆಯ ಯೋಜನೆ ನೋಡಿ. ಲಂಡನ್‌ಗೆ ಸಮುದ್ರದ ನೀರು ನುಗ್ಗದಂತೆ ತಡೆಯುವ ಗೇಟುಗಳ ಸಾಲು, ಥೇಮ್ಸ್ ಬ್ಯಾರಿಯರ್, ಕಟ್ಟಿ ಮುಗಿಸಿದ್ದು 1982ರಲ್ಲಿ, 2030ರವರೆಗೆ ಸಾಕು ಅನ್ನುವ ಲೆಕ್ಕದಲ್ಲಿ. 2012ರಲ್ಲಿ ಬಂದ ಹೊಸ ಯೋಜನೆ ಅದನ್ನು 2070ರವರೆಗೆ ಬಳಸಬಹುದು ಅಂದಿತು. ಅದರ ಜಾಗದಲ್ಲಿ ಮುಂದೆ ಏನು ಅನ್ನುವುದನ್ನು 2040ರ ಹೊತ್ತಿಗೆ ತೀರ್ಮಾನಿಸಬೇಕು. ಅಲ್ಲಿಯವರೆಗೆ ಸಮುದ್ರಮಟ್ಟ ಎಷ್ಟು ಏರಿತು, ಗೋಡೆಗಳ ಸ್ಥಿತಿ ಹೇಗಿದೆ ಅಂತ ಅಳೆಯುತ್ತಾ ಹೋಗಿ, ಅಂದುಕೊಂಡಿದ್ದಕ್ಕಿಂತ ಬೇಗ ಏರಿದರೆ ಕೆಲಸವನ್ನೂ ಬೇಗ ಶುರು ಮಾಡುವ ವ್ಯವಸ್ಥೆ. ನನಗೆ ಬಹಳ ಇಷ್ಟವಾದ ಯೋಜನೆ ಇದು. ಎಲ್ಲ ಗೊತ್ತು ಅಂತ ನಟಿಸುವುದಿಲ್ಲ. ಆದರೆ ಇದು ನಡೆಯಬೇಕಾದರೆ, 2012ರಲ್ಲಿ ಯಾವುದನ್ನು ಯಾಕೆ ಹಾಗೆ ಊಹಿಸಿದರು ಅಂತ ಬಲ್ಲವರು 2040ರಲ್ಲಿ ಕೆಲಸದಲ್ಲಿ ಇರಬೇಕು. 2012ರಲ್ಲಿ 28 ಆಗಿದ್ದವರಿಗೆ ಆಗ 56. 55 ಆಗಿದ್ದವರಿಗೆ 83. ಫೈಲಿನಲ್ಲಿ ಎಲ್ಲ ಬರೆದಿರುತ್ತದೆ ಅಂತ ನೀವು ಹೇಳಬಹುದು. ಫೈಲಿನಲ್ಲಿ ಏನು ಮಾಡಿದರು ಅಂತ ಇರುತ್ತದೆ, ಯಾವುದನ್ನು ಯಾಕೆ ಕೈಬಿಟ್ಟರು ಅಂತ ಇರುವುದು ಅಪರೂಪ.

ಸಂಸ್ಥೆಗಳನ್ನೂ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಬ್ರಿಟನ್‌ನಲ್ಲಿ 2015ರಲ್ಲಿ ರಾಷ್ಟ್ರೀಯ ಮೂಲಸೌಕರ್ಯ ಆಯೋಗ ಶುರುವಾಯಿತು. ಪ್ರತಿ ಸಂಸತ್ತಿನ ಅವಧಿಗೆ ಒಂದು ಸಲ, 10ರಿಂದ 30 ವರ್ಷ ಮುಂದಕ್ಕೆ ನೋಡಿ ವರದಿ ಕೊಡಬೇಕು, ಸರ್ಕಾರ ಅದಕ್ಕೆ ವರ್ಷದೊಳಗೆ ಉತ್ತರ ಕೊಡಬೇಕು ಅನ್ನುವ ಕಟ್ಟುಪಾಡು. 2018ರಲ್ಲಿ ಒಂದು, 2023ರಲ್ಲಿ ಇನ್ನೊಂದು ವರದಿ ಬಂತು. ಅದಕ್ಕೆ ಯುವ ವೃತ್ತಿಪರರ ಒಂದು ತಂಡವೂ ಇತ್ತು. 2025ರ ಏಪ್ರಿಲ್‌ನಲ್ಲಿ ಆಯೋಗವನ್ನೇ ಇನ್ನೊಂದು ಸಂಸ್ಥೆಯ ಜೊತೆ ಸೇರಿಸಿ ಹೊಸ ಹೆಸರು ಇಟ್ಟರು. 30 ವರ್ಷ ಮುಂದೆ ನೋಡುವುದಕ್ಕೆ ಅಂತ ಕಟ್ಟಿದ್ದು, ಹತ್ತು ವರ್ಷದಲ್ಲಿ ಆ ರೂಪದಲ್ಲಿ ಇರಲಿಲ್ಲ. ಅದು ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಆದರೆ ಆ ತಂಡದಲ್ಲಿದ್ದವರು ಇನ್ನೂ ಮೂವತ್ತು ವರ್ಷ ಇದೇ ಕ್ಷೇತ್ರದಲ್ಲಿ ಓಡಾಡಿಕೊಂಡಿರುತ್ತಾರೆ.

'ಅವರಿಗೆ ಅನುಭವ ಇಲ್ಲ' ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಮೂಗು ಮುರಿದೇ ಮುರಿಯುತ್ತಾರೆ. ನಿಜವೇ. ಜಮೀನು ಸಿಗುವುದಕ್ಕೆ ಎಷ್ಟು ಕಾಲ ಬೇಕು, ಕೋರ್ಟಿಗೆ ಹೋದರೆ ಏನಾಗುತ್ತದೆ, ಪಂಪ್ ಕೆಟ್ಟರೆ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಇವೆಲ್ಲ ಅವರಿಗೆ ಗೊತ್ತಿರುವುದಿಲ್ಲ. ಹೊಸ ತಂತ್ರಜ್ಞಾನ ಕಂಡರೆ ಅತಿಯಾಗಿ ನಂಬುತ್ತಾರೆ ಕೂಡ. ಅದಕ್ಕೆ ನಿರ್ವಹಣೆಯಲ್ಲಿ ಕೈ ಪಳಗಿದ ಹಿರಿಯರನ್ನು ಜೊತೆಗೆ ಹಾಕಿ. ಅಷ್ಟು ಸಾಕು, ಇದೇನು ದೊಡ್ಡ ಸಮಸ್ಯೆಯಲ್ಲ.

ದೊಡ್ಡ ಸಮಸ್ಯೆ ಯಾರನ್ನು ಆರಿಸುತ್ತೀರಿ ಅನ್ನುವುದು. ಅರ್ಜಿ ಕರೆದರೆ ಬರುವವರು ಚೆನ್ನಾಗಿ ಮಾತಾಡುವವರು, ದೊಡ್ಡ ಸಲಹಾ ಕಂಪನಿಗಳಲ್ಲಿ ಇರುವವರು, ಈಗಾಗಲೇ ನಾಲ್ಕು ವೇದಿಕೆ ಹತ್ತಿದವರು. ನೀರು ಶುದ್ಧೀಕರಣ ಘಟಕದಲ್ಲಿ ಪಾಳಿ ಮಾಡುವ ಮೆಕ್ಯಾನಿಕ್, ವಿದ್ಯುತ್ ಗ್ರಿಡ್ ಕಂಟ್ರೋಲ್ ರೂಮಿನಲ್ಲಿ ಕೂರುವವಳು, ಸೇತುವೆ ತಪಾಸಣೆಗೆ ಕೆಳಗೆ ಇಳಿಯುವವನು ಅರ್ಜಿ ಹಾಕುವುದಿಲ್ಲ. ಅವರಿಗೆ ರಜೆಯೇ ಸಿಗುವುದಿಲ್ಲ. ಹಾಗಾಗಿ ನೀವೇ ಹೋಗಿ ಕೇಳಬೇಕು, ಅವರ ಮೇಲಧಿಕಾರಿಗೆ ಪತ್ರ ಬರೆದು ಸಮಿತಿಯ ದಿನವನ್ನು ಕೆಲಸದ ದಿನ ಅಂತಲೇ ಎಣಿಸುವಂತೆ ಮಾಡಬೇಕು. ಪುಕ್ಕಟೆ ಕೆಲಸ ಅಂದರೆ, ಪುಕ್ಕಟೆ ಮಾಡುವ ಅನುಕೂಲ ಇರುವವರು ಮಾತ್ರ ಬರುತ್ತಾರೆ. ಮತ್ತೆ, ಸಮಿತಿಯಲ್ಲಿರುವವರ ಬಾಸ್ ಅದೇ ಕೋಣೆಯಲ್ಲಿ ಕೂತಿದ್ದರೆ ಯಾರೂ ಬಾಯಿ ತೆರೆಯುವುದಿಲ್ಲ. ಯಾವ ಪ್ರಶ್ನೆ ಯಾರು ಎತ್ತಿದರು ಅಂತ ಮಿನಿಟ್ಸ್‌ನಲ್ಲಿ ಹೆಸರು ಹಾಕಬೇಡಿ.

ಮೂರು ವಿಷಯ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ, ಆಮೇಲೆ ಕೇಳಿದರೆ ಸಿಗುವುದಿಲ್ಲ. ಸಮಿತಿ ಶುರುವಾಗುವುದು ಕರಡು ಬರೆಯುವ ಮೊದಲು. ಲೆಕ್ಕದ ಮಾದರಿ, ಊಹೆಗಳ ಹಾಳೆ ಅವರ ಕೈಗೆ ಸಿಗಬೇಕು, ಸಾರಾಂಶ ಅಲ್ಲ, ಮೂಲ ಫೈಲೇ. ಅವರು ಎತ್ತಿದ ಪ್ರತಿ ಆಕ್ಷೇಪಕ್ಕೂ ಒಪ್ಪಿದೆವು, ಒಪ್ಪಲಿಲ್ಲ, ಯಾಕೆ ಅಂತ ಉತ್ತರ ಬರಬೇಕು. ಒಪ್ಪದಿದ್ದರೂ ಪರವಾಗಿಲ್ಲ, ಉತ್ತರ ಮುಖ್ಯ. ಈ ಮೂರರ ಜೊತೆಗೆ, ಸಮಿತಿಯಲ್ಲಿ ಅವಧಿ ಮುಗಿದವರನ್ನು ಕೈಬಿಡಬೇಡಿ, ಐದು ವರ್ಷಕ್ಕೊಮ್ಮೆ ಯೋಜನೆಯ ಪರಿಶೀಲನೆ ಬಂದಾಗ ಮತ್ತೆ ಕರೆಸಿ.

ಮೊದಲ ಮೀಟಿಂಗ್‌ಗೆ ಪರಿಚಯ ಭಾಷಣ, ದೂರದೃಷ್ಟಿ ವಿಡಿಯೋ ಏನೂ ಬೇಡ. ಊಹೆಗಳ ಹಾಳೆಯನ್ನು ಮುದ್ರಿಸಿ ಮೇಜಿನ ಮೇಲಿಡಿ, ಒಬ್ಬೊಬ್ಬರೂ ಒಂದೊಂದು ಸಂಖ್ಯೆ ಆರಿಸಿಕೊಂಡು ಅದು ಮೊದಲು ಎಲ್ಲಿ ಹುಟ್ಟಿತು ಅಂತ ಮುಂದಿನ ಸಲಕ್ಕೆ ಪತ್ತೆ ಮಾಡಿಕೊಂಡು ಬರಲಿ. ನಿಮ್ಮ ಮೇಲಿನವರು ಆ ಹಾಳೆ ಕೊಡುವುದಕ್ಕೆ ಒಪ್ಪದಿದ್ದರೆ ಸಮಿತಿಯ ಕೆಲಸ ನೀವು ವಹಿಸಿಕೊಳ್ಳಬೇಡಿ. ಫೋಟೋ ತೆಗೆಸುವುದಕ್ಕೆ ಅವರಿಗೆ ಬೇರೆ ಯಾರಾದರೂ ಸಿಗುತ್ತಾರೆ.