ಹಾಡುವಾಗ ನಿಂತಲ್ಲೇ ನಿಲ್ಲುವುದೇಕೆ?

ಪ್ರಶ್ನೆ: ಗ್ರೇಸಿ ಫೀಲ್ಡ್ಸ್ ನಾಯಕಿಯಾಗಿ ಹಾಡಿರುವ 1931ರ ಬ್ರಿಟಿಷ್ ಚಿತ್ರ ‘ಸ್ಯಾಲಿ ಇನ್ ಅವರ್ ಆಲಿ’ ನೋಡಿದೆ. ಆ ಕಾಲದ ಚಿತ್ರಗಳಲ್ಲಿ ಹಾಡುವವರು ಹೆಚ್ಚು ಓಡಾಡುವುದಿಲ್ಲವೇಕೆ?

ಉತ್ತರ: ಟಾಕಿಯ, ಅಂದರೆ ಮಾತಿನ ಚಿತ್ರಗಳ, ಮೊದಲ ವರ್ಷಗಳಲ್ಲಿ ಹಾಡನ್ನು ಹೆಚ್ಚಾಗಿ ಸೆಟ್‌ನಲ್ಲೇ, ಚಿತ್ರೀಕರಣದ ಜೊತೆಜೊತೆಗೇ ಮುದ್ರಿಸುತ್ತಿದ್ದರು. ಮೈಕಿನಿಂದ ನಾಲ್ಕು ಹೆಜ್ಜೆ ಸರಿದರೆ ದನಿ ಕುಗ್ಗಿ, ಗೋಡೆಯ ಪ್ರತಿಧ್ವನಿ ಮೇಲೇಳುತ್ತಿತ್ತು. ಕ್ಯಾಮೆರಾದ ಗರಗರ ಸದ್ದು ಕೇಳದಿರಲೆಂದು ಅದನ್ನು ಗಾಜಿನ ಕಿಟಕಿಯ ಗೂಡಿನೊಳಗೆ ಇಡುತ್ತಿದ್ದುದರಿಂದ ಅದೂ ಕದಲುವಂತಿರಲಿಲ್ಲ. 1929ರ ಚಿತ್ರ ‘ಬ್ಲ್ಯಾಕ್‌ಮೇಲ್’ನಲ್ಲಂತೂ, ದನಿಯನ್ನು ಹೀಗೆ ಸ್ಥಳದಲ್ಲೇ ಮುದ್ರಿಸಬೇಕಿದ್ದುದರಿಂದ, ನಾಯಕಿ ಆ್ಯನಿ ಒಂಡ್ರಾ ಬರೀ ತುಟಿ ಆಡಿಸಿದರು, ಮಾತಾಡಿದ್ದು ಚೌಕಟ್ಟಿನಾಚೆ ನಿಂತಿದ್ದ ಜೋನ್ ಬ್ಯಾರಿ! ಹಾಡನ್ನು ಮೊದಲೇ ಮುದ್ರಿಸಿ ಸೆಟ್‌ನಲ್ಲಿ ಕೇಳಿಸುವ ಪ್ಲೇಬ್ಯಾಕ್ ರೂಢಿಯಾದ ಮೇಲೆ ಕಲಾವಿದರಿಗೆ ಓಡಾಡುವ ಸ್ವಾತಂತ್ರ್ಯ ಸಿಕ್ಕಿತು. ಆದರೂ ಉಸಿರೆಳೆದಾಗ ಕತ್ತಿನ ನರ ಬಿಗಿಯುವುದು ಕಾಣುವ ನೇರ ಹಾಡುಗಾರಿಕೆಗೆ ಬೇರೆಯೇ ಕಸುವಿದೆ.