ಅಮೆರಿಕದ ಚಿತ್ರ ವಿತರಣಾ ಕಂಪನಿ ನ್ಯೂಯಾರ್ಕರ್ ಫಿಲ್ಮ್ಸ್ 2009ರಲ್ಲಿ ಮುಚ್ಚಿದ್ದೇಕೆ? ಚಿತ್ರಗಳು ಓಡಲಿಲ್ಲವೇ?

ಚಿತ್ರಗಳ ಮೇಲೆ ತಪ್ಪು ಹೊರಿಸಬೇಡಿ. ಮಾತೃಸಂಸ್ಥೆ ಮಾಡಿದ ಸಾಲಕ್ಕೆ ನ್ಯೂಯಾರ್ಕರ್‌ನ ಚಿತ್ರಸಂಗ್ರಹವೇ ಅಡಮಾನವಾಗಿತ್ತು. ಸಾಲ ತೀರಲಿಲ್ಲ, ಕಂಪನಿ ಉಳಿಯಲಿಲ್ಲ.

ಈ ಕಂಪನಿ ಕಟ್ಟಿದ ಡ್ಯಾನಿಯಲ್ ಟಾಲ್ಬಟ್ 1960ರಲ್ಲಿ ಮ್ಯಾನ್‌ಹಟನ್ನಿನ ಬ್ರಾಡ್‌ವೇಯಲ್ಲಿ ನ್ಯೂಯಾರ್ಕರ್ ಚಿತ್ರಮಂದಿರ ನಡೆಸತೊಡಗಿದರು. ಇಟಲಿಯ ನಿರ್ದೇಶಕ ಬರ್ಟೊಲುಚ್ಚಿಯ ಒಂದು ಚಿತ್ರ ತೋರಿಸಬೇಕೆಂದರೆ ಅಮೆರಿಕದಲ್ಲಿ ಅದಕ್ಕೆ ವಿತರಕರೇ ಇರಲಿಲ್ಲ. 1965ರಲ್ಲಿ ತಾವೇ ವಿತರಣೆಗೆ ಇಳಿದರು. ಗೊದಾರ್, ಫಾಸ್‌ಬಿಂಡರ್, ಸೆಂಬೇನ್‌ರಂಥ ನಿರ್ದೇಶಕರ ಚಿತ್ರಗಳು ಅಲ್ಲಿನ ಪ್ರೇಕ್ಷಕರಿಗೆ ಸಿಕ್ಕಿದ್ದರಲ್ಲಿ ಈ ಕಂಪನಿಯ ಪಾಲು ದೊಡ್ಡದು.

ಇಂಥ ಕಂಪನಿಗೆ ಸಂಗ್ರಹ ಎಷ್ಟು ಮುಖ್ಯ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಅಂದಾಜಿಗೆ, ಒಂದು ಚಿತ್ರದ ಟಿಕೆಟ್ ಗಳಿಕೆ 1,00,000 ಡಾಲರ್ ಎನ್ನಿ. ಚಿತ್ರಮಂದಿರ ಅರ್ಧ ಇಟ್ಟುಕೊಂಡರೆ ವಿತರಕನ ಕೈಗೆ 50,000. ಪ್ರಿಂಟು, ಸಬ್‌ಟೈಟಲ್, ಪಬ್ಲಿಸಿಟಿಗೆ 40,000 ಹೋಗಿದೆ. ನಿರ್ಮಾಪಕನಿಗೆ ಮೊದಲೇ ಕೊಟ್ಟ ಎಂಜಿ, ಅಂದರೆ ಕನಿಷ್ಠ ಖಾತರಿ ಹಣ, 20,000. ಹೋದದ್ದು 60,000, ಬಂದದ್ದು 50,000. ಕಚೇರಿ ಬಾಡಿಗೆ, ಸಂಬಳ ಇನ್ನೂ ಸೇರಿಲ್ಲ. ಮೇಲಾಗಿ ಎಂಜಿ ಸಹಿ ಹಾಕುವಾಗಲೂ ಡೆಲಿವರಿ ಸಮಯದಲ್ಲೂ ಕಟ್ಟಬೇಕು, ಚಿತ್ರಮಂದಿರದ ಹಣವೋ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಡ.

ಈ ಕೊರತೆ ತುಂಬುತ್ತಿದ್ದದ್ದು ಎಂಜಿ ವಸೂಲಾಗಿ ಮುಗಿದಿದ್ದ ಹಳೆಯ ಚಿತ್ರಗಳು. ವಿಶ್ವವಿದ್ಯಾಲಯಗಳೂ ಫಿಲ್ಮ್ ಸೊಸೈಟಿಗಳೂ 16 ಎಂಎಂ (ಕಿರಿದಾದ ಫಿಲ್ಮಿನ) ಪ್ರಿಂಟುಗಳನ್ನು ಬಾಡಿಗೆಗೆ ಒಯ್ಯುತ್ತಿದ್ದವು. ಒಮ್ಮೆ ತೆಗೆದ ಪ್ರಿಂಟು ವರ್ಷಗಟ್ಟಲೆ ದುಡಿಯುತ್ತಿತ್ತು. ವಿಡಿಯೊ ಕ್ಯಾಸೆಟ್, ಆಮೇಲೆ ಡಿವಿಡಿ ಬಂದಂತೆ ಆ ಬಾಡಿಗೆ ಬತ್ತಿತು.

2002ರಲ್ಲಿ ಕಂಪನಿ ಮ್ಯಾಡ್‌ಸ್ಟೋನ್ ಫಿಲ್ಮ್ಸ್ ಕೈಸೇರಿತು, ಆರಂಭದಲ್ಲಿ ಹೇಳಿದ ಮಾತೃಸಂಸ್ಥೆ ಇದೇ. ಆಗಲೇ ನಾನೂರಕ್ಕೂ ಹೆಚ್ಚು ಚಿತ್ರಗಳ ಭವಿಷ್ಯ ಇನ್ನೊಬ್ಬರ ಸಾಲಪತ್ರಕ್ಕೆ ಅಂಟಿಕೊಳ್ಳುವ ದಾರಿ ತೆರೆಯಿತು. 2009ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. 2010ರಲ್ಲಿ ಹೊಸ ಮಾಲೀಕರು ಮತ್ತೆ ತೆರೆದರು, ನಿಜ. ಆದರೆ ಕಂಪನಿ ಮುಚ್ಚಿದ ಇಂಥ ಹೊತ್ತಿನಲ್ಲಿ ಬುಕಿಂಗ್‌ಗೆ ಸಹಿ ಹಾಕುವವರೇ ಇರುವುದಿಲ್ಲ. ನಿರ್ದೇಶಕ ಜೀವಂತವಿದ್ದರೂ ಅವನ ಚಿತ್ರ ತೋರಿಸಲಾಗದ ಸ್ಥಿತಿ. ನನಗೆ ಅತ್ಯಂತ ಅನ್ಯಾಯ ಎನಿಸುವುದು ಇದೇ.

ನೀವು ಚಿತ್ರ ಕೊಡುವವರಾಗಿದ್ದರೆ ಒಪ್ಪಂದದಲ್ಲಿ ಹಕ್ಕಿನ ಅವಧಿಯನ್ನು ವರ್ಷಗಳಲ್ಲಿ ಬರೆಸಿ, ‘ಶಾಶ್ವತ’ ಎಂಬ ಪದ ಬೇಡವೇ ಬೇಡ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಹಕ್ಕನ್ನು ಅಡವಿಡುವಂತಿಲ್ಲ, ವರ್ಗಾಯಿಸುವಂತಿಲ್ಲ ಎಂಬ ಷರತ್ತು ಇರಲಿ. ದಿವಾಳಿಯಾದರೆ ಹಕ್ಕು ವಾಪಸ್ ಎಂಬುದೊಂದನ್ನೇ ನೆಚ್ಚಬೇಡಿ, ಅಮೆರಿಕದ ದಿವಾಳಿ ನ್ಯಾಯಾಲಯದಲ್ಲಿ ಅದು ಹಲವು ಸಲ ನಿಲ್ಲುವುದಿಲ್ಲ. ಲೆಕ್ಕಪತ್ರವೋ ಹಣವೋ ಇಂತಿಷ್ಟು ದಿನದೊಳಗೆ ಬರದಿದ್ದರೆ ನೋಟಿಸ್ ಕೊಟ್ಟು ಒಪ್ಪಂದ ರದ್ದು ಮಾಡುವ ಷರತ್ತನ್ನೂ ಸೇರಿಸಿ, ಮೊದಲ ಕಂತು ತಪ್ಪಿದಾಗಲೇ ಬಳಸಿ. ನೆಗೆಟಿವ್ ಅಥವಾ ಡಿಜಿಟಲ್ ಮಾಸ್ಟರ್ ಲ್ಯಾಬಿನಲ್ಲಿ ನಿಮ್ಮ ಹೆಸರಿನಲ್ಲೇ ಇರಲಿ. ವಿತರಕನಿಗೆ ಅದರಿಂದ ಪ್ರತಿ ತೆಗೆಸಿಕೊಳ್ಳುವ ಅನುಮತಿ ಪತ್ರ ಕೊಟ್ಟರೆ ಸಾಕು.