ಆಸ್ತಿ ಪ್ರಶ್ನೋತ್ತರ: ಕೆರೆ ಪಕ್ಕದ ಸೈಟು ತಗೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ. ನಾನು ದಾವಣಗೆರೆಯ ನಿವೃತ್ತ ಶಿಕ್ಷಕ. ನಿವೃತ್ತಿಯ ದುಡ್ಡಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಒಂದು ಸೈಟು ನೋಡಿದ್ದೇವೆ. ಹಿಂದೆ ಕೆರೆ, ಪಕ್ಕದಲ್ಲಿ ಒಣಗಿದ ಕಾಲುವೆ. "ಬಫರ್ ಝೋನನ್ನು (ಕೆರೆ, ಕಾಲುವೆ ಪಕ್ಕ ಕಟ್ಟದೆ ಬಿಡಬೇಕಾದ ಜಾಗ) 2019ರಲ್ಲೇ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ, ಯೋಚನೆ ಬೇಡ" ಅಂತಾರೆ ಬ್ರೋಕರ್. ನಂಬಬಹುದಾ?

ಉತ್ತರ: ನಂಬಬೇಡಿ ಸರ್. ಅವರ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕು ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಆ ಆದೇಶವನ್ನು, ಬಫರ್ ಝೋನನ್ನೇ ಅಲ್ಲ. ನಗರದ 'ಮಾಸ್ಟರ್ ಪ್ಲಾನ್ 2015'ರಲ್ಲಿದ್ದ ಅಳತೆಗಳು ಆ ತೀರ್ಪಿನಿಂದ ಹೋಗಲಿಲ್ಲ: ಕೆರೆಗೆ 30 ಮೀಟರ್, ರಾಜಕಾಲುವೆಗೆ (ಮಳೆನೀರು ಹರಿಯುವ ಸರ್ಕಾರಿ ಕಾಲುವೆ) ಅದರ ದರ್ಜೆ ನೋಡಿ 50, 25 ಅಥವಾ 15 ಮೀಟರ್. ಅಂದ್ರೆ ನೀವು ಕೆರೆ ನೋಡಿ ಯೋಚಿಸುತ್ತಿದ್ದೀರಿ, ಆದರೆ ಆ ಒಣಗಿದ ಕಾಲುವೆ ಮೊದಲ ದರ್ಜೆಯ ರಾಜಕಾಲುವೆ ಆಗಿದ್ದರೆ, ಆ ಅಳತೆ ಪ್ರಕಾರ ಅದಕ್ಕೇ ಜಾಸ್ತಿ ಜಾಗ ಬಿಡಬೇಕಾಗುತ್ತದೆ! ನೀರು ಹರಿಯುತ್ತಿಲ್ಲ ಅಂದ ಮಾತ್ರಕ್ಕೆ ಕಾಲುವೆ ದಾಖಲೆಯಿಂದ ಅಳಿಸಿಹೋಗಲ್ಲ.

ಖಾತೆ ಇದೆ, ಬ್ಯಾಂಕ್ ಸಾಲ ಕೊಡುತ್ತೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆ ಅಂತ ಬ್ರೋಕರ್ ಮುಂದೆ ಹೇಳಬಹುದು. ಇವೆಲ್ಲ ಬೇಕು, ಆದರೆ ಇವು ಯಾವುದೂ ಜಾಗ ಕಾಲುವೆಯದ್ದಲ್ಲ ಅನ್ನೋದಕ್ಕೆ ಸಾಕ್ಷಿಯಲ್ಲ. 2016ರ ಆಗಸ್ಟ್‌ನಲ್ಲಿ ಬೊಮ್ಮನಹಳ್ಳಿ ಕಡೆಯ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ಅಂತ ಮನೆ ಕೆಡವಿದಾಗ, ಕೈಯಲ್ಲಿ ಕಾಗದ ಪತ್ರ ಹಿಡಿದುಕೊಂಡೇ ಜನ ಬೀದಿಗೆ ಬಂದರು. ಮನೆ ಹೋದರೂ ಸಾಲದ ಕಂತು ನಿಲ್ಲಲಿಲ್ಲ. ಲೇಔಟ್ ಮಾಡಿ ಮಾರಿದವರು ಅಷ್ಟರಲ್ಲಿ ದುಡ್ಡು ಎಣಿಸಿಕೊಂಡು ಹೋಗಿದ್ದರು. ನನಗೆ ಇವತ್ತಿಗೂ ಸಿಟ್ಟು ಬರೋದು ಅದಕ್ಕೇ, ನಿಯಮ ಮುರಿದವರು ಒಬ್ಬರು, ಪೆಟ್ಟು ತಿನ್ನೋದು ಕೊನೆಗೆ ಕೊಂಡವರು.

ನೀವು ಮಾಡಬೇಕಾದ್ದು ಇಷ್ಟು. ಸೈಟಿನಲ್ಲೇ ನಿಂತು ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ನೋಡಿ. ಹಳೇ ಗ್ರಾಮ ನಕ್ಷೆಯ ಪ್ರತಿ ತೆಗೆಸಿ, ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಮೀಸಲಾದ ಜಾಗ) ಅಂತ ಎಷ್ಟು ಗುಂಟೆ ಇದೆ ನೋಡಿ, ಯಾಕಂದ್ರೆ ಕಾಲುವೆ, ದಾರಿಗಳೆಲ್ಲ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ, ಅದನ್ನು ಯಾರೂ ಮಾರುವ ಹಾಗಿಲ್ಲ. ಆಮೇಲೆ ಪರವಾನಗಿ ಇರೋ ಸರ್ವೆಯರ್ ಕೈಯಲ್ಲಿ ಅಳತೆ ಮಾಡಿಸಿ. ಇದಿಷ್ಟೂ ಮುಂಗಡ ಕೊಡುವ ಮೊದಲೇ ಆಗಬೇಕು. ಬಫರ್ ಒಳಗೆ ಬಂತು ಅಂದ್ರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನಾಳೆ ನೀವು ಮಾರಲು ಹೋದಾಗ ಕೊಳ್ಳುವವರ ವಕೀಲರು ಇದೇ ನಕ್ಷೆ ಮುಂದಿಡುತ್ತಾರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತಂದ ಮೇಲಂತೂ ಕೊಳ್ಳುವವರು ನೀರಿನ ದಾರಿ ಕೇಳದೆ ಬಿಡಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಬಾಡಿಗೆಗೆ ಮನೆ ಕಟ್ಟಿಸುತ್ತಿದ್ದೇವೆ. ಮಳೆ ಕೊಯ್ಲು ಸುಮ್ನೆ ಖರ್ಚು ಅಂತಾರೆ ಮೇಸ್ತ್ರಿ. ನಿಜವಾ?

ಉತ್ತರ: ಅಲ್ಲ. 2009ರಿಂದ ಹೊಸದಾಗಿ ಕಟ್ಟುವ 30×40 ಮನೆಗೆ ಇದು ಕಡ್ಡಾಯ, ಮಾಡಿಸದಿದ್ದರೆ ನೀರಿನ ಬಿಲ್ ಮೇಲೆ ದಂಡ ಬೀಳುತ್ತದೆ. ದಂಡದ ಮಾತು ಬಿಡಿ, ಲೆಕ್ಕ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 950 ಮಿಲಿಮೀಟರ್ ಮಳೆ ಬೀಳುತ್ತೆ. ಸಾವಿರ ಚದರಡಿ ತಾರಸಿ ಮೇಲೆ ಅದು 88 ಸಾವಿರ ಲೀಟರ್ ಹತ್ತಿರ ಆಗುತ್ತೆ. ಹರಿದು ಹೋಗೋದು, ಆರಿ ಹೋಗೋದು ಕಳೆದರೂ 70 ಸಾವಿರ ಲೀಟರ್‌ಗೆ ಮೋಸವಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರನ್ನು ಕೇಳಿದರೆ ಇದರ ಬೆಲೆ ಹೇಳ್ತಾರೆ. ಈಗ ಬಾಡಿಗೆಗೆ ಬರುವವರು ಮೊದಲು ಕೇಳೋದೇ ನೀರು. ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯ ಮಳೆ ಕೊಯ್ಲು ಥೀಮ್ ಪಾರ್ಕ್ ಇದೆ, ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ ಬನ್ನಿ.

ಪ್ರಶ್ನೆ: ಆಫೀಸ್ ಕಟ್ಟಡಗಳ ರೀಟ್‌ನಲ್ಲಿ (ಹಲವರ ದುಡ್ಡು ಸೇರಿಸಿ ಕಟ್ಟಡಗಳಲ್ಲಿ ಹೂಡಿ, ಬಾಡಿಗೆ ಆದಾಯ ಹಂಚುವ ಟ್ರಸ್ಟ್) ಸ್ವಲ್ಪ ದುಡ್ಡು ಹಾಕಬೇಕು ಅಂತಿದ್ದೇನೆ. ಹಸಿರು ಕಟ್ಟಡ ಅನ್ನೋದು ಬರೀ ಜಾಹೀರಾತಾ?

ಉತ್ತರ: ಜಾಹೀರಾತೂ ಇದೆ, ಆದರೆ ಬರೀ ಜಾಹೀರಾತಲ್ಲ. 2022-23ರಿಂದ ಷೇರುಪೇಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು ಎಷ್ಟು ವಿದ್ಯುತ್, ಎಷ್ಟು ನೀರು ಬಳಸಿದೆವು ಅಂತ ವರದಿ ಕೊಡಲೇಬೇಕು, ಇದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಹೀಗಾಗಿ ದೊಡ್ಡ ಬಾಡಿಗೆದಾರರಿಗೆ ಕಡಿಮೆ ವಿದ್ಯುತ್ ತಿನ್ನುವ ಕಟ್ಟಡವೇ ಅನುಕೂಲ. ಹಸಿರು ಕಟ್ಟಡದ ಪ್ರಮಾಣಪತ್ರದ ಹೆಸರು ನೋಡಿ ತೃಪ್ತಿಪಡಬೇಡಿ. ಎಷ್ಟು ಜಾಗ ಖಾಲಿ ಇದೆ, ಬಾಡಿಗೆ ಕರಾರು ಎಷ್ಟು ವರ್ಷದ್ದು, ಹಳೇ ಕಟ್ಟಡಗಳ ದುರಸ್ತಿಗೆ ಎಷ್ಟು ಖರ್ಚು ಮಾಡುತ್ತಿದ್ದಾರೆ, ಈ ಮೂರನ್ನು ವಾರ್ಷಿಕ ವರದಿಯಲ್ಲಿ ಓದಿ, ಆಮೇಲೆ ದುಡ್ಡು ಹಾಕಿ.